ಮಬ್ಬು ಬೆಳಕಿನ ಸೋದರಮಾವ

ಮದುವೆ ಮನೆಗಳಲ್ಲಿ ಅವನನ್ನು ಎಲ್ಲರೂ ಮಿಂಚಣ್ಣ ಎಂದೇ ಕರೆಯುತ್ತಿದ್ದರು. ಅವನ ಫ್ಲಾಶಿಗೆ ಕಣ್ಣು ಮುಚ್ಚದ ಮದುಮಗಳಿಲ್ಲ, ಬೆಚ್ಚಿಬೀಳದ ಅಜ್ಜಿಯಿಲ್ಲ. ಕತ್ತಲ ಮೂಲೆಯಿರಲಿ, ಕಿಟಕಿ ಪಕ್ಕವಿರಲಿ, ಫಳಾರನೆ ಮಿಂಚಿಸದೆ ಅವನು ಫೋಟೋ ತೆಗೆದವನೇ ಅಲ್ಲ. ಯಾರಾದರೂ ಗೊಣಗಿದರೆ, "ಬೆಳಕು ಹುಡುಕ್ಕೊಂಡು ಅಲೆಯೋಕೆ ನಂಗೇನು ಬೇರೆ ಕೆಲಸ ಇಲ್ವಾ? ಹೆಗಲ ಮೇಲೇ ಹೊತ್ಕೊಂಡು ಬಂದಿದೀನಿ" ಎಂದು ನಕ್ಕುಬಿಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಸ್ಟುಡಿಯೋದಲ್ಲಿ ಕುಳಿತು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುತ್ತಿದ್ದಾಗ ತಂಗಿಯ ಗಂಡನ ಫೋನ್ ಬಂತು.

"ಭಾವ, ಕ್ಯಾಮೆರಾ ತಗೊಂಡು ಆಸ್ಪತ್ರೆಗೆ ಬರ್ತೀರಾ? ಇವಳು ತುತ್ತು ಬಾಯಿಗೆ ಇಡ್ತಿಲ್ಲ."

ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಹುಟ್ಟಿದ ಕೂಡಲೇ ಅದನ್ನು ಮೇಲಿನ ಮಹಡಿಯ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಆಪರೇಷನ್ ಆದ ತಾಯಿಗೆ ಜ್ವರ ಹತ್ತಿಕೊಂಡು, ಅದು ಇಳಿಯುವವರೆಗೆ ಅವಳನ್ನು ಮಗುವಿನ ಹತ್ತಿರ ಬಿಡುವಂತಿರಲಿಲ್ಲ. ವಿಡಿಯೋ ಕಾಲ್ ಮಾಡೋಣವೆಂದರೆ ಆ ವಾರ್ಡಿನಲ್ಲಿ ಸಿಗ್ನಲ್ ಸಿಗದು. ಗಂಡ ಅವಸರದಲ್ಲಿ ಮೊಬೈಲಿನಲ್ಲೇ ಒಂದು ಫೋಟೋ ಹೊಡೆದು ತಂದು ತೋರಿಸಿದ್ದ. ಅದರಲ್ಲಿ ಕಂಡದ್ದು ಬೂದಿ ಬಣ್ಣದ ಒಂದು ಮುದ್ದೆ, ಅಷ್ಟೆ.

ಮಿಂಚಣ್ಣ ತಂಗಿಯ ಮಂಚದ ಬಳಿ ಹೋದಾಗ ಅವಳು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಅಮ್ಮ ಅನ್ನದ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು.

"ಅಣ್ಣ, ನಿಜ ಹೇಳು. ಮಗು ಹೋಯ್ತಾ?"

"ಏನು ಮಾತು ಅಂತ ಆಡ್ತೀಯೇ! ಚೆನ್ನಾಗಿದೆ ಕಣೇ."

"ಹೋದ ಸಲನೂ ಹೀಗೇ ಅಂದಿದ್ರಿ."

ಹಿಂದೊಮ್ಮೆ ಹೊಟ್ಟೆಯಲ್ಲೇ ಕೂಸು ಕಳೆದುಕೊಂಡಾಗ, ಅವಳ ಎದೆ ತಡೆಯದೆಂದು ಮನೆಯವರೆಲ್ಲ ಸೇರಿ ಸುಳ್ಳು ಹೇಳಿದ್ದರು. ಈಗ ದೇವರ ಮೇಲೆ ಆಣೆಯಿಟ್ಟರೂ ಅವಳು ನಂಬುವವಳಲ್ಲ. ಅವನು ಹೆಗಲ ಚೀಲ ಸರಿಪಡಿಸಿಕೊಂಡು, "ಕಣ್ಣಾರೆ ನೋಡೋ ಹಾಗೆ ತೆಗೆದು ತರ್ತೀನಿ, ಇರು" ಎಂದು ಮೆಟ್ಟಿಲು ಹತ್ತಿದ.

ಮೇಲೆ ಬಾಗಿಲಲ್ಲೇ ಹಿರಿಯ ನರ್ಸ್ ತಡೆದರು. ಡಾಕ್ಟರ ಒಪ್ಪಿಗೆಯೇನೋ ಇತ್ತು. ಆದರೂ ಕೈ ತೊಳೆಸಿ, ನಿಲುವಂಗಿ ತೊಡಿಸಿ, ಕ್ಯಾಮೆರಾದ ನೆತ್ತಿಯ ಮೇಲಿದ್ದ ಫ್ಲಾಶನ್ನು ಬೆರಳು ಮಾಡಿ ತೋರಿಸಿದರು.

"ಇದು ಇಲ್ಲೇ ಇರ್ಲಿ. ಒಳಗೆ ಒಂದು ಸಲ ಮಿಂಚಿದ್ರೂ ನೀವು ಹೊರಗೆ."

"ಸಿಸ್ಟರ್, ನನ್ನ ಹೆಸರೇ ಮಿಂಚಣ್ಣ" ಎಂದ ಅವನು, ನಗಿಸಬಹುದೆಂದುಕೊಂಡು.

"ಹೆಸರನ್ನೂ ಇಲ್ಲೇ ಬಿಟ್ಟು ಬನ್ನಿ" ಎಂದರು ಅವರು. ಅವನು ಫ್ಲಾಶನ್ನು ಕಳಚಿ ಬಾಗಿಲ ಪಕ್ಕದ ಮೇಜಿನ ಮೇಲಿಟ್ಟ.

ಒಳಗೆ ನಡುಹಗಲಲ್ಲೂ ಮುಸ್ಸಂಜೆ. ಕಿಟಕಿಗಳಿಗೆ ಪರದೆ ಎಳೆದಿದ್ದರು. ಎಳೆಯ ಕಣ್ಣುಗಳಿಗೆ ಬೆಳಕು ಚುಚ್ಚಬಾರದೆಂದು ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿದ್ದರು. ಯಂತ್ರಗಳ ಹಸಿರು ಅಂಕಿಗಳಷ್ಟೇ ಹೊಳೆಯುತ್ತಿದ್ದವು. ನರ್ಸ್ ಮೂಲೆಯ ಪೆಟ್ಟಿಗೆಯ ಬಟ್ಟೆಯನ್ನು ಅರ್ಧ ಸರಿಸಿದರು. ಮಿಂಚಣ್ಣ ಮೊದಲ ಸಲ ಸೋದರಸೊಸೆಯನ್ನು ನೋಡಿದ. ತಲೆಗೆ ಟೋಪಿ, ಮೂಗಿನಲ್ಲಿ ಸಣ್ಣ ನಳಿಕೆ, ಅದು ಜಾರದಂತೆ ಕೆನ್ನೆಗೆ ಅಂಟಿಸಿದ ಬಿಳಿ ಪಟ್ಟಿ. ಅವನು ಬೇಗನೆ ಕ್ಯಾಮೆರಾ ಕಣ್ಣಿಗೇರಿಸಿದ.

ಗುಂಡಿಯನ್ನು ಅರ್ಧ ಒತ್ತಿದನೋ ಇಲ್ಲವೋ, ಕ್ಯಾಮೆರಾದ ಮುಂಭಾಗದಿಂದ ಕೆಂಪು ಬೆಳಕೊಂದು ಚಿಮ್ಮಿ ಹೊದಿಕೆಯ ಮೇಲೆ ಬಿತ್ತು.

"ಏನ್ರೀ ಅದು?" ನರ್ಸ್ ಪಿಸುದನಿಯಲ್ಲೇ ಗದರಿದರು.

ಕತ್ತಲಲ್ಲಿ ದೂರ ಅಳೆಯಲು ಕ್ಯಾಮೆರಾ ತಾನಾಗಿಯೇ ಹಚ್ಚಿಕೊಳ್ಳುವ ದೀಪ ಅದು. ಫ್ಲಾಶಿನ ಅಬ್ಬರದಲ್ಲಿ ಅದೊಂದು ಇದೆಯೆಂಬುದನ್ನೇ ಅವನು ಮರೆತಿದ್ದ. ಬೆವರುತ್ತ ಮೆನು ತಡಕಾಡಿ ಅದನ್ನು ಆರಿಸಿದ. ಈಗ ಕ್ಯಾಮೆರಾ ಕುರುಡಾಯಿತು. ಲೆನ್ಸ್ ಹಿಂದಕ್ಕೆ ಮುಂದಕ್ಕೆ ಗುಯ್ ಗುಯ್ ಎಂದು ಓಡಾಡಿತೇ ಹೊರತು ಎಲ್ಲೂ ನಿಲ್ಲಲಿಲ್ಲ. ಒಮ್ಮೆ ನಿಂತಿತು, ನೋಡಿದರೆ ಗಾಜಿನಲ್ಲಿ ಮೂಡಿದ್ದ ಅವನದೇ ಗಡ್ಡದ ಮೇಲೆ!

ಇಷ್ಟು ವರ್ಷ ಕಲಿತ ವಿದ್ಯೆಯೆಲ್ಲ ಬಾಗಿಲಾಚೆಯ ಮೇಜಿನ ಮೇಲೆಯೇ ಉಳಿಯಿತೇನೋ ಅನ್ನಿಸಿತು ಅವನಿಗೆ.

"ಆಗಲ್ಲ ಅಂದ್ರೆ ಬಿಡಿ" ಎಂದರು ನರ್ಸ್. ಈ ಸಲ ದನಿ ಮೆತ್ತಗಿತ್ತು.

"ಆಗುತ್ತೆ ಸಿಸ್ಟರ್. ಸ್ವಲ್ಪ ಹೊತ್ತು ಕೊಡಿ. ಗಾಜಿಗೆ ಇದನ್ನ ಆನಿಸಬಹುದಾ?"

ಲೆನ್ಸಿನ ಬಾಯಿಗಿದ್ದ ರಬ್ಬರ್ ಬಳೆಯನ್ನು ಅವರೇ ಸ್ಪಿರಿಟ್ ಹತ್ತಿಯಿಂದ ಒರೆಸಿಕೊಟ್ಟರು. ಅವನು ಉಸಿರು ಬಿಗಿಹಿಡಿದು ಅದನ್ನು ಗಾಜಿಗೆ ಮೆಲ್ಲಗೆ ಆನಿಸಿದ. ಗಡ್ಡದ ಪ್ರತಿಬಿಂಬ ಮಾಯವಾಯಿತು. ಫೋಕಸ್ಸನ್ನು ಕ್ಯಾಮೆರಾಕ್ಕೆ ಬಿಡದೆ ತಾನೇ ಕೈಗೆ ತೆಗೆದುಕೊಂಡು ಲೆನ್ಸಿನ ನಡುವಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದ. ಮಗುವಿನ ಹಣೆ, ಕೆನ್ನೆ, ಮುಚ್ಚಿದ ರೆಪ್ಪೆ ಎಲ್ಲ ಒಂದೇ ಮೆತ್ತನೆಯ ಬಣ್ಣ. ಯಾವುದು ಸ್ಪಷ್ಟ, ಯಾವುದು ಮಸುಕು ಎಂದು ಕಣ್ಣಿಗೆ ಗೊತ್ತಾಗಲೊಲ್ಲದು. ಹಿಡಿಯಲು ಒಂದು ಅಂಚು ಬೇಕು. ಬೆಳಕು ನೆರಳು ಕೂಡುವ ಒಂದು ಗೆರೆ.

ಅಂಥ ಗೆರೆ ಅಲ್ಲಿದ್ದುದು ಒಂದೇ ಕಡೆ, ಕೆನ್ನೆಯ ಮೇಲಿನ ಬಿಳಿ ಪಟ್ಟಿಯಲ್ಲಿ.

ಅವನು ಅಲ್ಲಿಯವರೆಗೂ ಆ ಪಟ್ಟಿ, ಆ ನಳಿಕೆ ಫೋಟೋದಲ್ಲಿ ಬಾರದ ಹಾಗೆ ಕೋನ ಹುಡುಕುತ್ತಿದ್ದ. ತಂಗಿ ಮೊದಲೇ ಹೆದರಿದ್ದಾಳೆ, ಇದನ್ನು ಕಂಡರೆ ಇನ್ನಷ್ಟು ಕುಸಿದಾಳು ಎಂಬ ಅಳುಕು. ಆದರೆ ಪಟ್ಟಿಯನ್ನು ಬಿಟ್ಟರೆ ಫೋಕಸ್ಸಿಗೆ ಬೇರೆ ಗತಿಯಿರಲಿಲ್ಲ. ಕ್ಷಣ ಯೋಚಿಸಿದ. ಬಳಿಕ ಕ್ಯಾಮೆರಾವನ್ನು ಪಟ್ಟಿಯ ಅಂಚಿಗೆ ತಿರುಗಿಸಿ, ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ನೋಡುತ್ತ ಬಳೆ ತಿರುಗಿಸಿದ. ಮಂಜು ಕರಗಿದಂತೆ ಅಂಚು ಗೆರೆ ಕೊರೆದಂತೆ ಸ್ಪಷ್ಟವಾಯಿತು, ಪಟ್ಟಿಯ ನೂಲಿನ ಎಳೆಗಳು ಎದ್ದು ಕಂಡವು, ಅವುಗಳ ಪಕ್ಕದಲ್ಲೇ ಕೆನ್ನೆಯ ನವಿರು ರೋಮಗಳು, ಅದರಾಚೆ ರೆಪ್ಪೆಯ ಕೂದಲು.

ಕ್ಯಾಮೆರಾ ಅಲ್ಲಾಡದಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ. ಮಗುವಿನ ಎದೆ ಹಕ್ಕಿಮರಿಯ ಎದೆಯ ಹಾಗೆ ಏರಿಳಿಯುತ್ತಿತ್ತು. ಅದು ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳುವ ನಡುವಿನ ಚೂರು ಬಿಡುವಿಗೆ ಕಾದು ಗುಂಡಿ ಒತ್ತಿದ. ಫೋಟೋ ಅಲುಗಿ ಕೆಟ್ಟಿತು. ಮತ್ತೆ ಕಾದ, ಮತ್ತೆ ಒತ್ತಿದ. ಮಗು ತುಟಿ ಚಪ್ಪರಿಸಿತು. ಅಂತೂ ಒಂದು ಸಲ ಉಸಿರು, ಕೈ, ಬೆಳಕು ಎಲ್ಲ ಕೂಡಿ ಬಂದವು.

ನರ್ಸ್ ಭುಜದ ಮೇಲಿಂದ ಇಣುಕಿ, "ಅಯ್ಯೋ, ಇವಳಿಗೆ ಹುಬ್ಬು ಬಂದಿದೆ! ನಾನು ನೋಡೇ ಇರ್ಲಿಲ್ಲ" ಎಂದರು.

ಕೆಳಗೆ ಬಂದು ಅವನು ಕ್ಯಾಮೆರಾವನ್ನೇ ತಂಗಿಯ ಕೈಗಿತ್ತ. ಅವಳು ಪರದೆಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡಳು. ಬಹಳ ಹೊತ್ತು ನೋಡಿದಳು.

"ಮೂಗಲ್ಲಿ ಏನೋ ಹಾಕಿದಾರೆ."

"ಹಾಲು ಕೊಡೋಕೆ ಕಣೇ. ಬಾಯಲ್ಲಿ ಚೀಪೋ ಶಕ್ತಿ ಇನ್ನೂ ಬಂದಿಲ್ವಂತೆ. ನಾನು ಅದನ್ನ ಬಿಟ್ಟು ತೆಗೆಯೋಣ ಅಂತಿದ್ದೆ..."

"ಬಿಟ್ಟಿದ್ರೆ ನಾನು ನಂಬ್ತಿರ್ಲಿಲ್ಲ. ಯಾರದೋ ಮಗು ತೋರಿಸ್ತಿದೀಯ ಅಂತಿದ್ದೆ." ಅವಳ ಹೆಬ್ಬೆರಳು ಪರದೆಯ ಮೇಲೆ ಪಟ್ಟಿಯನ್ನು ಸವರಿತು. "ಬದುಕಿದಾಳೆ ಅಲ್ವಾ? ಬದುಕಿರೋರಿಗೆ ತಾನೆ ಹಾಲು ಹಾಕೋದು."

ಆಮೇಲೆ ಅಳು ಬಂತು. ಅಮ್ಮನೂ ಅತ್ತಳು. ಅವನು ಕಿಟಕಿಯಾಚೆ ಏನೋ ಇದೆಯೆಂಬಂತೆ ಆ ಕಡೆ ನೋಡುತ್ತ ನಿಂತ. ಅತ್ತು ಮುಗಿದ ಮೇಲೆ ತಂಗಿ ಮೂಗೊರೆಸಿಕೊಂಡು, "ಮೂಗು ನಿನ್ನದೇ ಬಂದಿದೆ, ಪಾಪ" ಎಂದಳು. ಅಮ್ಮ ಬಾಯಿಗಿಟ್ಟ ತುತ್ತನ್ನು ಬೇಡವೆನ್ನಲಿಲ್ಲ.

ಅದೇ ವಾರ ಜ್ವರ ಬಿಟ್ಟಿತು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅವಳನ್ನು ಮೇಲಕ್ಕೆ ಕರೆದೊಯ್ದಾಗ ಮಿಂಚಣ್ಣನೂ ಜೊತೆಗಿದ್ದ. ನರ್ಸ್ ಬಟ್ಟೆ ಸರಿಸಿದರು. ತಂಗಿ ಕಣ್ಣರಳಿಸಿ ನೋಡಿದವಳು ಹಾಗೇ ಕುಳಿತುಬಿಟ್ಟಳು.

"ಇಷ್ಟೇನಾ? ಅಣ್ಣ, ನಿನ್ನ ಫೋಟೋದಲ್ಲಿ ತೊಟ್ಟಿಲು ತುಂಬೋ ಹಾಗಿದ್ಳಲ್ಲೋ! ಇವಳು ನನ್ನ ಅಂಗೈಯಷ್ಟೂ ಇಲ್ಲ!"

"ಹತ್ತಿರದಿಂದ ತೆಗೆದೆ ಕಣೇ" ಎಂದ ಅವನು ತಪ್ಪು ಮಾಡಿದವನಂತೆ.

ಅವಳು ಅಳಲಿಲ್ಲ. ಪೆಟ್ಟಿಗೆಯ ದುಂಡು ಕಿಂಡಿಯಿಂದ ಕೈಯನ್ನು ಒಳಕ್ಕೆ ಇಳಿಬಿಟ್ಟಳು. ಅಂಗೈ ಇಟ್ಟರೆ ಮಗುವಿನ ಬೆನ್ನು ಪೂರ್ತಿ ಮುಚ್ಚಿಹೋಯಿತು. ಮಗು ಒಮ್ಮೆ ಮೈ ಮುರಿದು ಆ ಬಿಸುಪಿನ ಅಡಿಯಲ್ಲಿ ಸುಮ್ಮನಾಯಿತು. ಮಿಂಚಣ್ಣ ಇನ್ನೂ ಬಗ್ಗಿ ನೋಡಹೋದ.

"ಸ್ವಲ್ಪ ಆ ಕಡೆ ನಿಂತ್ಕೊಳೋ" ಎಂದಳು ತಂಗಿ, ಕಣ್ಣೆತ್ತದೆ. "ಇರೋ ಚೂರು ಬೆಳಕಿಗೂ ಅಡ್ಡ ಬರ್ತಿದೀಯ."