ಬೇಡ ಅಂದವಳ ಅಂಗಡಿ

ದಾಕ್ಷಾಯಣಿ ದೊಡ್ಡಮ್ಮನ ಹತ್ತಿರ ಸುಳಿಯಬಾರದು ಎಂಬ ಮಾತನ್ನು ನನಗೆ ಅನ್ನದ ಜೊತೆ ಬಡಿಸಿ ಬೆಳೆಸಿದ್ದರು. ಅವಳು ಅಮ್ಮನ ಒಡಹುಟ್ಟಿದ ಅಕ್ಕ. ಆದರೂ ನಮ್ಮ ಮೈಸೂರಿನ ಮನೆಯಲ್ಲಿ ಅವಳ ಒಂದು ಫೋಟೊ ಕೂಡ ಇರಲಿಲ್ಲ. ಗಂಡನನ್ನು ಬಿಟ್ಟವಳು ಎಂದು ಅಮ್ಮ, ಮನೆಮುರುಕಿ ಎಂದು ಅಜ್ಜಿ. ಆ ಗಂಡ ಅಜ್ಜಿಯ ಸ್ವಂತ ತಮ್ಮ ರಾಜಗೋಪಾಲ, ಅಂದರೆ ದೊಡ್ಡಮ್ಮನಿಗೆ ಸೋದರಮಾವ. ಹುಡುಗಿ ಹೊರಗೆ ಹೋಗಬಾರದು, ಅವಳ ಬೆನ್ನಿಗೆ ನೆಲ, ಬೆಳ್ಳಿ ಹೊರಗೆ ಹೋಗಬಾರದು. ಇದಕ್ಕೆ ನಮ್ಮ ಮನೆಯಲ್ಲಿ ಸಂಬಂಧ ಉಳಿಸಿಕೊಳ್ಳುವುದು ಎಂದು ಹೆಸರು.

೨೦೧೬ರಲ್ಲಿ ಸರದಿ ನನ್ನದಾಯಿತು. ನಾನಾಗ ಟೆಕ್ಸಸ್‌ನ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಅಮ್ಮನ ಕೊನೆಯ ತಮ್ಮ ದುಷ್ಯಂತ ಮಾವ ಅಲ್ಲೇ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಮನೆ ತೆಗೆದುಕೊಂಡಿದ್ದ. ನನ್ನನ್ನು ಏರ್‌ಪೋರ್ಟಿನಿಂದ ಕರೆತಂದವನು, ಡ್ರೈವಿಂಗ್ ಕಲಿಸಿದವನು, ನಾನು ಯುಕೆಜಿಯಲ್ಲಿದ್ದಾಗ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನೇ. ಅಕ್ಟೋಬರ್‌ನ ಒಂದು ಭಾನುವಾರ ಅವನಿಗೂ ನನಗೂ ನಿಶ್ಚಿತಾರ್ಥ, ನಾಲ್ಕೈದು ಗಂಟೆ ದಾರಿ ದೂರದ ಫುಲ್‌ಶೀರ್‌ನ ಅದೇ ರಾಜಗೋಪಾಲ ತಾತನ ಮನೆಯಲ್ಲಿ. ಅಜ್ಜಿ ಸುಶೀಲಮ್ಮ ಮೈಸೂರಿನಿಂದ ರೇಷ್ಮೆ ಸೀರೆ ಸಮೇತ ಬಂದು ಅಲ್ಲೇ ಇಳಿದಿದ್ದಳು.

"ಅಮ್ಮ, ಅವನು ನನ್ನ ಮಾವ ಕಣೇ," ಎಂದು ನಾನು ಫೋನಿನಲ್ಲಿ ಅತ್ತುಬಿಟ್ಟೆ.

"ಮಾವ ಅಂತಲೇ ಕೊಡ್ತಿರೋದು. ಗುರುತು ಪರಿಚಯ ಇಲ್ಲದೋನಿಗೆ ಕೊಡಕ್ಕಾಗತ್ತಾ?"

"ನನ್ನನ್ನ ಮಂಟಪಕ್ಕೆ ಕರ್ಕೊಂಡು ಬರಬೇಕಾದೋನೇ ಸೋದರಮಾವ. ಅವನೇ ಮಂಟಪದಲ್ಲಿ ಕೂತ್ರೆ?"

"ಕರ್ಕೊಂಡು ಬರಕ್ಕೆ ರಾಜಗೋಪಾಲ ಮಾವ ಇದಾರಲ್ಲ. ಎಲ್ಲಾ ಯೋಚನೆ ಮಾಡಿದೀವಿ ಸುಮ್ನಿರು."

ನನ್ನನ್ನು ಕೇಳುವುದೊಂದನ್ನು ಬಿಟ್ಟು ಎಲ್ಲವನ್ನೂ ಯೋಚಿಸಿದ್ದರು.

ಆಗ ಗೂಗಲ್‌ನಲ್ಲಿ ಒಂದು ಸಂಗತಿ ಸಿಕ್ಕಿತು. ಟೆಕ್ಸಸ್‌ನಲ್ಲಿ ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆಯ ಲೈಸೆನ್ಸ್ ಕೊಡುವುದಿಲ್ಲ. ಓದಿ ಹಿಗ್ಗಿಹೋದೆ. ನಾನು ಬಾಯಿ ತೆರೆಯಬೇಕಾಗಿಲ್ಲ, ಸರ್ಕಾರವೇ ಬೇಡ ಅನ್ನುತ್ತದೆ! ಆದರೆ ಹಿರಿಯರ ಮುಂದೆ ಕಾನೂನು ಬಿಡಿಸಿ ಹೇಳಲು ಹಿರಿಯರೇ ಬೇಕು. ಈ ದೇಶದ ಕೋರ್ಟಿನ ಮೆಟ್ಟಿಲು ಹತ್ತಿ ಗಂಡನಿಂದ ಬಿಡುಗಡೆ ಪಡೆದವಳು ನಮ್ಮ ಮನೆತನದಲ್ಲಿ ಒಬ್ಬಳೇ, ದಾಕ್ಷಾಯಣಿ ದೊಡ್ಡಮ್ಮ. ಹೆಸರು ಹಾಕಿ ಹುಡುಕಿದೆ. ಆಸ್ಟಿನ್‌ನಲ್ಲಿ ಅವಳದೊಂದು ಬಟ್ಟೆ ಆಲ್ಟರೇಷನ್ ಅಂಗಡಿಯಿತ್ತು. ನಿಶ್ಚಿತಾರ್ಥಕ್ಕೆ ಒಂದು ವಾರ ಮೊದಲು, ಶನಿವಾರ, ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಟಾಕೊ ಅಂಗಡಿಗೂ ಲಾಂಡ್ರಿಗೂ ನಡುವೆ ಒಂದು ಕಿರಿದಾದ ಬಾಗಿಲು. ಒಳಗೆ ಮೆಕ್ಸಿಕನ್ ಹುಡುಗಿಯೊಬ್ಬಳ ಹದಿನೈದನೆಯ ಹುಟ್ಟುಹಬ್ಬದ ಗುಲಾಬಿ ಗೌನು, ಕೋಣೆಯ ಅರ್ಧ ಜಾಗ ನುಂಗಿ ನಿಂತಿತ್ತು. ಅದರ ಅಂಚಿನ ಬಳಿ ಮಂಡಿಯೂರಿದ್ದ ಹೆಂಗಸು ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದು ನನ್ನನ್ನೇ ನೋಡಿದಳು.

"ಪ್ರಗತಿನಾ? ಮೂಗು ಥೇಟ್ ನಮ್ಮಮ್ಮಂದು, ಪಾಪ. ಯಾರು ಕಳಿಸಿದ್ರು?"

"ಯಾರೂ ಇಲ್ಲ ದೊಡ್ಡಮ್ಮ. ಹೋಗಲೇಬಾರದು ಅಂತ ಹೇಳಿದಾರೆ."

"ಹಂಗಾದ್ರೆ ಕೂತ್ಕೋ. ಆ ಅಂಚು ಎತ್ತಿ ಹಿಡಿ."

ಅಂಚು ಹಿಡಿದುಕೊಂಡೇ ಎಲ್ಲ ಹೇಳಿದೆ. ಕಳೆದ ಬೇಸಿಗೆಯಲ್ಲಿ ಆಫೀಸಿನವರ ಪಿಕ್ನಿಕ್ಕಿಗೆ ಮಾವ ನನ್ನನ್ನು ಕರೆದೊಯ್ದು ಎಲ್ಲರಿಗೂ ಅಕ್ಕನ ಮಗಳು, ನೀಸ್ ಎಂದು ಪರಿಚಯ ಮಾಡಿಸಿಬಿಟ್ಟಿದ್ದ. ಈಗ ನಿಶ್ಚಿತಾರ್ಥಕ್ಕೆ ಆಫೀಸಿನ ಒಂದು ನರಪಿಳ್ಳೆಯನ್ನೂ ಕರೆಯುವಂತಿಲ್ಲ.

"ಅವನ ಮ್ಯಾನೇಜರ್ ಈಗಲೂ 'ನಿನ್ನ ನೀಸ್ ಹೇಗಿದಾಳೆ' ಅಂತ ಕೇಳ್ತಾರಂತೆ," ಅಂದೆ.

ದೊಡ್ಡಮ್ಮ ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ದಡ್ಡ ಮುಂಡೇದೇ! ನಮ್ಮೋರಿಗೆಲ್ಲ ಹೆಮ್ಮೆಯಿಂದ ಹೇಳ್ಕೊಳ್ಳೋದನ್ನ ಬೇರೆಯವರ ಮುಂದೆ ಬಚ್ಚಿಡಬೇಕು ಅಂದ್ರೆ, ಒಳಗೆಲ್ಲೋ ಅವನಿಗೂ ಗೊತ್ತಿದೆ."

ಇದೇ ಸಮಯವೆಂದು ಕಾನೂನಿನ ವಿಷಯ ತೆಗೆದೆ. "ನೀವು ಅಜ್ಜಿಗೆ ಒಂದು ಮಾತು ಹೇಳಿ ದೊಡ್ಡಮ್ಮ. ಇಲ್ಲಿ ಇಂಥ ಮದುವೆ ನಡೆಯಲ್ಲ ಅಂತ."

ನಗು ನಿಂತಿತು. "ಇಲ್ಲಿ ನಡೆಯಲ್ಲ ಅಂದ್ರೆ ಮೈಸೂರಿಗೆ ಟಿಕೆಟ್ ತೆಗೀತಾರೆ. ಅಲ್ಲಿ ಛತ್ರ ತುಂಬಾ ಜನ ಸೇರಿಸಿ ತಾಳಿ ಕಟ್ಟಿಸ್ತಾರೆ. ನನಗೂ ಹಂಗೇ ಕಟ್ಟಿಸಿದ್ದು. ಆಗೇನು ಮಾಡ್ತೀಯಾ? ಬೇರೆ ಸರ್ಕಾರ ಹುಡುಕ್ತೀಯಾ?"

ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನೇ ಕೇಳಿದೆ. "ತಾತ ನಿಮ್ಮನ್ನ ಹೊಡೀತಿದ್ರಾ?"

"ನೋಡು, ನೀನೂ ಅದನ್ನೇ ಕೇಳ್ದೆ." ಅವಳು ಪಿನ್ನುಗಳನ್ನು ಡಬ್ಬಿಗೆ ಹಾಕಿದಳು. "ಹೊಡೀಲಿಲ್ಲ. ಕುಡೀಲಿಲ್ಲ. ಇನ್ನೊಬ್ಬಳ ಸಹವಾಸ ಇರಲಿಲ್ಲ. ಜ್ವರ ಬಂದ್ರೆ ಗಂಜಿ ಮಾಡಿ ಕೊಡ್ತಿದ್ರು. ಏನು ಮಾಡಿದ ಹೇಳು, ಏನು ಮಾಡಿದ ಹೇಳು ಅಂತ ಎಲ್ಲರೂ ಪೀಡಿಸಿದ್ರು. ಮೈಮೇಲೆ ಒಂದು ಬರೆ ತೋರಿಸಿದ್ದಿದ್ರೆ ನಮ್ಮಮ್ಮ ಕೂಡ ಅಯ್ಯೋ ಅಂತಿದ್ಲೇನೋ. ನನ್ನ ಹತ್ರ ಬರೆ ಇರಲಿಲ್ಲ. ನನಗೆ ಅವರು ಬೇಕಾಗಿರಲಿಲ್ಲ, ಅಷ್ಟೇ. ಎತ್ತಿ ಆಡಿಸಿದ ಮಾವನ ಪಕ್ಕ ಮಲಗೋಕೆ ನನಗೆ ಇಷ್ಟ ಇರಲಿಲ್ಲ. ಹೆಂಗಸಿಗೆ ಅಷ್ಟು ಕಾರಣ ಸಾಲದಾ ಪ್ರಗತಿ?"

ನಮ್ಮವರು ಯಾಕೆ ಇವಳಿಗೆ ಇಷ್ಟು ಹೆದರುತ್ತಾರೆಂದು ಆಗ ಅರ್ಥವಾಯಿತು. ಹೊಡೆತ ತಿಂದವಳಾಗಿದ್ದರೆ ಕರುಣೆ ತೋರಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಒಳ್ಳೆಯ ಗಂಡಸನ್ನು ಒಲ್ಲೆ ಅಂದ ಹೆಣ್ಣನ್ನು ಎಲ್ಲಿ ಕೂರಿಸುವುದು?

"ಕಾನೂನು ಬೇಡ ಅನ್ನತ್ತೆ ಅಂತ ಹೇಳ್ಬೇಡ. ನಿನಗೆ ಬೇಡ ಅಂತ ಹೇಳು," ಅಂದಳು.

"ಹಾಗಾದ್ರೆ ನೀವೂ ಬನ್ನಿ ನನ್ನ ಜೊತೆ."

"ಬಂದ್ರೆ ನಾನೇ ಹೇಳಿಕೊಟ್ಟೆ ಅಂತಾರೆ. ನಿನ್ನ ಮಾತನ್ನ ಎತ್ತಿ ನನ್ನ ತಲೆಗೆ ಕಟ್ತಾರೆ. ಹೋಗು, ಹೇಳು. ಆಮೇಲೆ ಎಲ್ಲೂ ಜಾಗ ಸಿಗದಿದ್ರೆ ಇಲ್ಲಿಗೆ ಬಾ. ಗೌನು ನಾಡಿದ್ದು ಹೋಗತ್ತೆ, ಮಲಗಕ್ಕೆ ಜಾಗ ಆಗತ್ತೆ."

ಮರುವಾರ ಮಾವನ ಕಾರಿನಲ್ಲೇ ಫುಲ್‌ಶೀರ್‌ಗೆ ಹೋದೆ. ದಾರಿಯುದ್ದಕ್ಕೂ ಅವನು ಟೊಯೋಟದ ಮೈಲೇಜಿನ ಬಗ್ಗೆ ಮಾತಾಡಿದ. ತಾತನ ಮನೆಯ ಹಾಲ್‌ನಲ್ಲಿ ಕನ್ನಡ ಸಂಘದ ನಾಲ್ಕಾರು ಸಂಸಾರಗಳು ಸೇರಿದ್ದವು. ತಟ್ಟೆಗಳಲ್ಲಿ ತೆಂಗಿನಕಾಯಿ, ವೀಳ್ಯದೆಲೆ. ಅಜ್ಜಿ ಸೀರೆಯ ಮಡಿಕೆ ಬಿಡಿಸುತ್ತ, "ಬಾರಮ್ಮ, ಮಣೆ ಮೇಲೆ ಕೂತ್ಕೋ," ಅಂದಳು.

ನಾನು ಕೂರಲಿಲ್ಲ. "ನನಗೆ ಈ ಮದುವೆ ಬೇಡ ಅಜ್ಜಿ."

ಹೋಳಿಗೆಗೆ ತುಪ್ಪ ಹಾಕುತ್ತಿದ್ದ ಆಂಟಿಯ ಚಮಚ ಗಾಳಿಯಲ್ಲೇ ನಿಂತಿತು.

"ಇನ್ನೊಬ್ಬ ಯಾವನಾದ್ರೂ ಇದಾನಾ?" ಎಂದಳು ಅಜ್ಜಿ.

"ಇಲ್ಲ."

"ದುಷ್ಯಂತ ಏನಾದ್ರೂ ಅಂದನಾ? ಮೈ ಮುಟ್ಟಿದನಾ?"

"ಇಲ್ಲ. ಮಾವ ಒಳ್ಳೆಯವನು."

"ಮತ್ತೇನೇ ರೋಗ ನಿನಗೆ? ಕಾರಣ ಹೇಳು!"

ಕಾನೂನಿನ ಆ ವಾಕ್ಯ ಗಂಟಲಿನವರೆಗೆ ಬಂತು. ಹೇಳಿದ್ದರೆ ಆ ಕ್ಷಣಕ್ಕೆ ಬಚಾವಾಗುತ್ತಿದ್ದೆ, ಒಳ್ಳೆಯ ಹುಡುಗಿಯಾಗಿಯೂ ಉಳಿಯುತ್ತಿದ್ದೆ. ನುಂಗಿಕೊಂಡೆ.

"ಬೇಡ ಅನ್ನೋದೇ ಕಾರಣ ಅಜ್ಜಿ. ಅದರ ಹಿಂದೆ ಇನ್ನೊಂದು ಕಾರಣ ಇಲ್ಲ."

ತಾಂಬೂಲದ ತಟ್ಟೆ ಹಿಡಿದಿದ್ದ ರಾಜಗೋಪಾಲ ತಾತ ಮೆಲ್ಲಗೆ ಕೇಳಿದರು. "ಅವಳ ಹತ್ರ ಹೋಗಿದ್ದೆ ಅಲ್ವಾ?"

"ಹೋಗಿದ್ದೆ ತಾತ. ಇನ್ನು ಮುಂದೂ ಹೋಗ್ತಿರ್ತೀನಿ."

"ಅವಳೇ ತಲೆ ಕೆಡಿಸಿರೋದು!" ಎಂದು ಅಜ್ಜಿ ಕಿರುಚಿದಳು.

"ಅವಳು ನಿಮ್ಮನ್ನ ಬೈಯಲಿಲ್ಲ ತಾತ," ಎಂದು ನಾನು ಅವರಿಗೇ ಹೇಳಿದೆ. "ಗಂಜಿ ಮಾಡಿ ಕೊಡ್ತಿದ್ರಿ ಅಂದ್ಲು. ಆದ್ರೂ ಬೇಕಾಗಿರಲಿಲ್ಲ ಅಂದ್ಲು."

ತಾತ ತಟ್ಟೆಯನ್ನು ನೆಲಕ್ಕಿಟ್ಟರು. ಅಜ್ಜಿ ಸೀರೆಯನ್ನು ಮುದ್ದೆ ಮಾಡಿ ಎದೆಗವಚಿಕೊಂಡು ಮೈಸೂರಿಗೆ ಫೋನು ಹಚ್ಚಿ ಎಂದು ಕೂಗತೊಡಗಿದಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಕಾರಿನ ಕೀ ಹಿಡಿದು ಮಾವ ಹಿಂದೆಯೇ ಓಡಿ ಬಂದ. "ಡ್ರಾಪ್ ಮಾಡ್ತೀನಿ ಕಣೆ. ನಿಜ ಹೇಳ್ಬೇಕಂದ್ರೆ... ನನಗೂ ಇದು..." ಎಂದು ತಡೆದ.

"ನನಗಲ್ಲ ಮಾವ. ಒಳಗೆ ಹೋಗಿ ಹೇಳು."

ಅವನು ಹಿಂತಿರುಗಿ ಬಾಗಿಲು ನೋಡಿದ. ಒಳಗಿನಿಂದ ಅಜ್ಜಿಯ ಅಳು ಕೇಳುತ್ತಿತ್ತು. ಹೊಸ್ತಿಲ ತನಕ ಹೋದ; ದಾಟಲಿಲ್ಲ, ಹಿಂದಕ್ಕೂ ಬರಲಿಲ್ಲ. ಅವನ ಪರವಾಗಿ ನಾನು ಹೇಳುವಂತಿರಲಿಲ್ಲ. ಫೋನು ತೆಗೆದು ಆಸ್ಟಿನ್ ಬಸ್ಸು ಸಿಗುವಲ್ಲಿಗೆ ಕ್ಯಾಬ್ ಬುಕ್ ಮಾಡಿದೆ, ಬಿಸಿಲಲ್ಲಿ ರಸ್ತೆಯ ತಿರುವಿನ ಕಡೆ ನಡೆಯತೊಡಗಿದೆ.