ಹಸಿ ಮೊಟ್ಟೆಯ ಡ್ರೆಸ್ಸಿಂಗ್

ಭಾನುವಾರ ಬೆಳಿಗ್ಗೆಯಿಂದ ಗೋಪಾಳ ಬಡಾವಣೆಯ ಬಾಡಿಗೆ ಮನೆಯಲ್ಲಿ ದಿವ್ಯಶ್ರೀ ಒಂದು ಬಟ್ಟಲಿನ ಜೊತೆ ಗುದ್ದಾಡುತ್ತಿದ್ದಳು. ಬೇಕಿತ್ತಾ ಇವಳಿಗೆ? ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರ್ ಲಿಖಿತಾ ಮೇಡಂ ಎದುರಿಗೆ, "ದೊಡ್ಡ ಹೋಟೆಲಿನ ಸೀಸರ್ ಸಲಾಡ್ ನಾನು ಮನೇಲೇ ಮಾಡ್ತೀನಿ" ಅಂತ ಜಂಬ ಕೊಚ್ಚಿಕೊಂಡಿದ್ದಳು. ಮೇಡಂ ಊಟಕ್ಕೆ ಬರ್ತೀನಿ ಅಂದೇಬಿಟ್ಟರು.

ಸೊಪ್ಪಿಗೆ ಕಲಸೋ ಡ್ರೆಸ್ಸಿಂಗಿಗೆ ಹಸಿ ಮೊಟ್ಟೆಯ ಹಳದಿ, ಜಜ್ಜಿದ ಬೆಳ್ಳುಳ್ಳಿ, ಸಾಸಿವೆ ಪೇಸ್ಟು, ನಿಂಬೆರಸ. ಅದಕ್ಕೆ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ ಬಿಡದೆ ಕಡೆಯಬೇಕು. ಅವಸರಗೇಡಿ, ಮೊದಲ ಸಲ ಎಣ್ಣೆ ಸುರಿದೇಬಿಟ್ಟಳು, ಎಲ್ಲ ಒಡೆದುಹೋಯಿತು. ಇನ್ನೊಂದು ಹಳದಿ ಹಾಕಿ, ರಟ್ಟೆ ಬಿದ್ದುಹೋಗುವಷ್ಟು ಕಡೆದ ಮೇಲೆ ಗಟ್ಟಿ ಮೊಸರಿನ ಹಾಗೆ ಕೂಡಿಬಂತು. ಲೆಟಿಸ್ ಸೊಪ್ಪು ಹರಿದು, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಚೂರು ಹಾಕಿ, ಮೇಲೆ ಚೀಸ್ ತುರಿದು ಕಲಸಿಟ್ಟಳು.

ಅಷ್ಟರಲ್ಲಿ ಭದ್ರಾವತಿಯಿಂದ ಅತ್ತಿಗೆ ಮಾಸ್ತಮ್ಮ ಬಂದಳು. ಅಣ್ಣ ಮನೋಹರನಿಗೆ ಬುಧವಾರ ಹಾರ್ಟ್ ಆಪರೇಷನ್. ಅವನ ರಿಪೋರ್ಟು ಇಸ್ಕೊಳ್ಳೋಕೆ ಆಸ್ಪತ್ರೆಗೆ ಬಂದವಳು ಹಾಗೇ ನಾದಿನಿಯನ್ನು ನೋಡಿಕೊಂಡು ಹೋಗೋಣ ಅಂದುಕೊಂಡಿದ್ದಳು. ಗಂಡನಿಗಾಗಿ ಧರ್ಮಸ್ಥಳದ ಸ್ವಾಮಿಗೆ ಹರಕೆ ಹೊತ್ತಿದ್ದಳು: ನಲವತ್ತೆಂಟು ದಿನ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಅವತ್ತಿಗೆ ನಲವತ್ತೈದು ದಿನ ಆಗಿತ್ತು. ದಿವ್ಯಶ್ರೀಗೆ ಇದು ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ದಿನಾ ಫೋನಿನಲ್ಲಿ ಕೇಳಿದ್ದೇ.

ಮೇಡಂ ಬಂದರು, ಮೂವರೂ ಕೂತರು. ಅತ್ತಿಗೆಗೆ ಅನ್ನ ಸಾರು ಬಡಿಸಿದರಾಯಿತು ಅಂತ ದಿವ್ಯಶ್ರೀ ಲೆಕ್ಕ ಹಾಕಿದ್ದಳು. ಆದರೆ ಮೇಡಂ ನಾಲ್ಕು ಚಮಚ ತಿಂದು, "ಅಬ್ಬಾ, ಎಷ್ಟು ಚೆನ್ನಾಗಿದೆ! ಹೊರಗೆ ನಾನಿದನ್ನ ತಿನ್ನೋದೇ ಇಲ್ಲ, ಮೊಟ್ಟೆ ಹಾಕಿರ್ತಾರೆ. ನಮ್ಮನೇಲಿ ಮೊಟ್ಟೆ ಹೊಸಲು ದಾಟಲ್ಲ ನೋಡಿ" ಅಂದು, ತಾವೇ ಮಾಸ್ತಮ್ಮನ ತಟ್ಟೆಗೂ ಬಡಿಸಿಬಿಟ್ಟರು.

ದಿವ್ಯಶ್ರೀ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಕೇಳಬೇಕಿತ್ತಲ್ಲ, ಮೊಟ್ಟೆ ತಿಂತೀರಾ ಅಂತ ಮೇಡಂನ ಮೊದಲೇ ಒಂದು ಮಾತು ಕೇಳಬೇಕಿತ್ತಲ್ಲ!

ಮಾಸ್ತಮ್ಮ ತಟ್ಟೆ ನೋಡಿದಳು. "ಇದರಲ್ಲಿ ಮೊಟ್ಟೆ ಗಿಟ್ಟೆ ಇಲ್ಲ ತಾನೇ ದಿವ್ಯಾ?"

ಇದೆ ಅಂದರೆ ಮೇಡಂ ಮುಂದೆ ಮಾನ ಹೋಗುತ್ತೆ. ಇಲ್ಲ ಅಂದರೆ ಅತ್ತಿಗೆಯ ಹರಕೆ ಹೋಗುತ್ತೆ. ಎರಡರಲ್ಲಿ ಯಾವುದು ದೊಡ್ಡದು ಅಂತ ಯೋಚಿಸೋ ಮೊದಲೇ ಇವಳ ಹಾಳು ನಾಲಿಗೆ ಆರಿಸಿಬಿಟ್ಟಿತು.

"ಇಲ್ಲ ಅತ್ತಿಗೆ. ಬರೀ ಮೊಸರು."

ಮಾಸ್ತಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ತಲೆ ತಗ್ಗಿಸಿ ತಿಂದಳು. ಒಂದೆಲೆಯನ್ನೂ ಬಿಡಲಿಲ್ಲ. ಥೂ, ಇದೂ ಒಂದು ಬಾಳಾ ಅನ್ನಿಸಿತು ದಿವ್ಯಶ್ರೀಗೆ.

ಮೇಡಂ ಹೊರಟ ಮೇಲೆ ಅಡುಗೆಮನೆಗೆ ಹೋದರೆ ಅತ್ತಿಗೆ ತಟ್ಟೆ ತೊಳೆಯುತ್ತಿದ್ದಳು.

"ಅತ್ತಿಗೆ... ಅದು ಮೊಸರಲ್ಲ."

"ಗೊತ್ತು ಕಣೇ. ಹಸಿ ಮೊಟ್ಟೆ ವಾಸನೆ ನಂಗೆ ಗೊತ್ತಾಗಲ್ವಾ ಮಾರಾಯ್ತಿ?"

"ಮತ್ತೆ ಯಾಕೆ ತಿಂದ್ರಿ?"

"ಪಕ್ಕಕ್ಕೆ ತಳ್ಳಿದ್ರೆ ಆಯಮ್ಮ ಯಾಕೆ ಅಂತ ಕೇಳ್ತಿರಲಿಲ್ವಾ? ದಿನಾ ಅವರ ಕೈಕೆಳಗೆ ಕೆಲಸ ಮಾಡೋಳು ನೀನು." ತಟ್ಟೆ ಬೋರಲು ಹಾಕಿ, "ನಾಳೆಯಿಂದ ಮತ್ತೆ ಒಂದು ಅಂತ ಎಣಿಸ್ತೀನಿ. ಸ್ವಾಮಿಗೆ ನಾನೇ ಹೇಳ್ಕೊಳ್ತೀನಿ ಬಿಡು" ಅಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು ದಿವ್ಯಶ್ರೀ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಅಷ್ಟರಲ್ಲಿ ಮಾಸ್ತಮ್ಮನ ಫೋನು ಬಡಿದುಕೊಂಡಿತು. ಮನೋಹರ. ಕೈ ಒದ್ದೆಯೆಂದು ಸ್ಪೀಕರ್ ಹಾಕಿದಳು.

"ಊಟ ಆಯ್ತಾ? ಇವತ್ತಿಗೆ ಎಷ್ಟು ದಿನ ಆಯ್ತೇ?" ಅವನ ದನಿ ಬಲು ಸಣ್ಣಗಿತ್ತು. "ನೀನು ಇಷ್ಟು ಕಟ್ಟುನಿಟ್ಟಾಗಿರೋದು ನೋಡಿ ನಂಗೂ ಧೈರ್ಯ ಬಂದಿದೆ ನೋಡು."

"ನಲವತ್ತೈದಾಯ್ತು. ಇನ್ನು ಮೂರೇ" ಅಂದಳು ಮಾಸ್ತಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, "ತಗೊಳ್ಳಿ, ನಿಮ್ಮ ತಂಗಿ ಇಲ್ಲೇ ಇದಾಳೆ, ಮಾತಾಡಿ" ಎಂದು ಫೋನು ಚಾಚಿದಳು.

ಇಸ್ಕೊಳ್ಳೋಕೆ ದಿವ್ಯಶ್ರೀಗೆ ಕೈ ಬರಲಿಲ್ಲ.