ಕಡೇ ಮೊಳೆಗೆ ಕೇಳಿಸಿದ್ದು

“ನೋಡ್ರಪ್ಪೋ, ಒಂಬತ್ತನೇ ಕ್ಲಾಸ್ ದಾಟ್ದೇ ಇರೋನು ಭೂಮ್ತಾಯಿ ಹೊಟ್ಟೇಲಿ ಏನೈತೆ ಅಂತ ನೋಡೋಕ್ ಬಂದವ್ನೆ! ಲೇ ಕದಿರೇಶ, ಆ ಹಲಗೆ ಯಾಕ್ಲಾ? ನಿನ್ ತಲೆ ಮೇಲೇ ಹೊಡ್ಕೋ, ಅದೇ ಗಟ್ಟಿಯಾಗೈತೆ!”

ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತಿದ್ದ ಅರ್ಧ ಊರು ಗೊಳ್ಳೆಂದು ನಕ್ಕಿತು. ಹೇಳಿದವನು ಎತ್ತಿ ಆಡಿಸಿದ ಸೋದರಮಾವ ಮುನಿಯಲ್ಲಪ್ಪ. ಬೇರೆಯವರಾಗಿದ್ದರೆ ಕದಿರೇಶ ಕೊರಳಪಟ್ಟಿಗೇ ಕೈ ಹಾಕಿರುತ್ತಿದ್ದ.

ವಕ್ಕಲೇರಿ ಪಕ್ಕದ ಆ ಊರಿಗೆ ಕುಡಿಯುವ ನೀರಿನ ಬೋರು ಎಲ್ಲಿ ಕೊರೆಯಬೇಕೆಂದು ನೋಡಲು ತಂಡ ಬಂದಿತ್ತು. ನೆಲದ ಅದುರು ಹಿಡಿಯುವ ಮೊಳೆಗಳನ್ನು ಸಾಲಾಗಿ ನೆಟ್ಟು, ಈ ತುದಿಯ ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಬಡಿಯುವುದು ಕದಿರೇಶನ ಕೆಲಸ. ಏಟು ನೆಲದೊಳಗೆ ಓಡಿ ಯಾವ ಮೊಳೆಗೆ ಯಾವಾಗ ಮುಟ್ಟಿತೆಂದು ಕಂಪ್ಯೂಟರು ಗೆರೆ ಎಳೆಯುತ್ತದೆ. ತಂಡದ ಭೂವಿಜ್ಞಾನಿ ಮೇಘನ ಮೇಡಂ ಕೆಳಗಿನ ಮಣ್ಣು, ಕಲ್ಲು, ನೀರು ಸಿಗಬಹುದಾದ ಸೀಳುಗಳನ್ನು ಊಹಿಸಿ ಪರದೆಯ ಮೇಲೆ ಚಿತ್ರ ಮಾಡಿ, ಅಂಥ ನೆಲದಲ್ಲಾದರೆ ಏಟು ಹೇಗೆ ಓಡೀತೆಂದು ಇನ್ನೊಂದು ಗೆರೆ ಎಳೆಸುತ್ತಾರೆ. ಎರಡೂ ಒಂದರ ಮೇಲೊಂದು ಕೂತರೆ ಚಿತ್ರ ಸರಿ. ಏಟು ಬೀಳುವಾಗ ಮಾತ್ರ ಯಾರೂ ಮಿಸುಕಬಾರದು. ಹೆಜ್ಜೆ ಸಪ್ಪಳವೂ ಮೊಳೆಗೆ ಕೇಳುತ್ತದೆ.

ಬೆಳಗ್ಗೆಯಿಂದ ಕಡೆಯ ಮೊಳೆಗೆ ಏಟು ಮುಟ್ಟುತ್ತಿರಲಿಲ್ಲ. ಕದಿರೇಶ ಕೆಲಸಕ್ಕೆ ಹೊಸಬ.

“ಇವತ್ತು ಮುಟ್ಟಿಸ್ಲಿಲ್ಲ ಅಂದ್ರೆ ನಾಳೆ ಬೇರೆಯವನ್ನ ಕರ್ಕೊಂಡ್ ಬರ್ತೀನಿ ಕಣೋ” ಎಂದ ಮೇಸ್ತ್ರಿ ಗಂಗಾಧರ್. ಬದುವಿನ ಮೇಲಿನ ನಗು ನಿಂತಿತು. ಮಾವ ಮೆಲ್ಲಗೆ ಅಲ್ಲಿಂದ ಜಾರಿಕೊಂಡ.

ಇದ್ದ ಸಿಟ್ಟನ್ನೆಲ್ಲ ಸೇರಿಸಿ ಕದಿರೇಶ ಬಡಿದ. ಮೇಡಂ ಹುಬ್ಬು ಗಂಟಿಕ್ಕಿದರು.

“ಇದೇನಿದು? ಸುತ್ತಿಗೆ ಬೀಳೋಕ್ ಮುಂಚೇನೇ ಕಡೇ ಮೊಳೆಗೆ ಕೇಳಿಸ್ಬಿಟ್ಟಿದೆ! ಚಿತ್ರ ಹೇಗ್ ತಿದ್ದಿದ್ರೂ ಕೂರ್ತಿಲ್ಲ. ಅಂಥ ನೆಲ ಎಲ್ಲೂ ಇರಲ್ಲ. ಅಲ್ಲಿ ಯಾರಿದ್ದಾರೆ, ನೋಡ್ಕೊಂಡ್ ಬಾ.”

ಕಡೆಯ ಮೊಳೆಯ ಪಕ್ಕ, ಹಸಿ ಮಣ್ಣಿನಲ್ಲಿ, ಟೈರ್ ಚಪ್ಪಲಿಯ ಹಿಮ್ಮಡಿ ಗುರುತು ಆಳಕ್ಕೆ ಮೂಡಿತ್ತು. ಗಿಡಗಳ ಮರೆಯಲ್ಲಿ ಮಾವ ಏದುಸಿರು ಬಿಡುತ್ತ ಕಾಲು ನೀವಿಕೊಳ್ಳುತ್ತಿದ್ದ.

“ಮಾವಾ, ಏನ್ ಮಾಡ್ದೆ ನೀನು?”

“ಮೆತ್ತಗೆ ಮಾತಾಡ್ಲಾ. ನಿನ್ ಏಟು ಇಲ್ಲೀಗಂಟ ಬರ್ತಿರ್ಲಿಲ್ಲ. ಅದಕ್ಕೇ ನಾನಿಲ್ಲಿ ಒಂದೆರಡು ಒದ್ದೆ. ಕೆಲಸ ಉಳೀತಾ?”

ಕದಿರೇಶ ಗುರುತನ್ನು ಕಾಲಲ್ಲಿ ಅಳಿಸಿ, ಮಾವನನ್ನು ದೂರ ಕಳಿಸಿ ವಾಪಸು ಬಂದ.

“ಕೋಣ ನುಗ್ಗಿತ್ತು ಮೇಡಂ. ಓಡ್ಸಿದೀನಿ.”

ಮತ್ತೆ ಬಡಿದ. ರಟ್ಟೆ ಬಿದ್ದುಹೋಗುವಂತೆ, ಕಂಪ್ಯೂಟರಿನಲ್ಲಿ ಒಂದು ಏಟಿಗೆ ಇನ್ನೊಂದು ಸೇರಿ ಗೆರೆ ಗಟ್ಟಿಯಾಗುತ್ತ ಹೋಗುವಂತೆ ಬಡಿದ. ಕೊನೆಗೆ ಕಡೆಯ ಮೊಳೆಯಿಂದಲೂ ಗೆರೆ ಸ್ವಚ್ಛವಾಗಿ ಬಂತು. ಮೇಡಂ ಚಿತ್ರದಲ್ಲಿ ಒಂದು ಓರೆ ಸೀಳು ಇಟ್ಟು ನೋಡಿದರು. ಎರಡು ಗೆರೆಗಳೂ ಕೂತವು.

“ನಾಳೆ ಬೇಗ ಬಾ” ಎಂದ ಗಂಗಾಧರ್.

ಅಷ್ಟರಲ್ಲಿ ಮಾವ ಏನೂ ಅರಿಯದವನಂತೆ ಬದುವಿನ ಮೇಲೆ ಹಾಜರಾಗಿದ್ದ.

“ಏನ್ಲಾ, ಒಂದು ಮೊಳೆಗೆ ಮುಟ್ಟಿಸೋಕೆ ಇಷ್ಟೊತ್ತಾ? ತಿಂದಿದ್ ಮುದ್ದೆಯೆಲ್ಲ ಎಲ್ಲೋಯ್ತು?”

ಊರು ಮತ್ತೆ ನಕ್ಕಿತು. ಉತ್ತರ ಕದಿರೇಶನ ನಾಲಿಗೆಯ ತುದಿಯಲ್ಲೇ ಇತ್ತು. ನೋಡಿದರೆ ಮಾವ ಬಲಗಾಲಿನ ಹಿಮ್ಮಡಿ ಊರಲಾರದೆ, ಬೆರಳ ಮೇಲೆ ನಿಂತು ನಗುತ್ತಿದ್ದ.

ಕದಿರೇಶ ಸುತ್ತಿಗೆ ಹೆಗಲಿಗೇರಿಸಿ ಜೀಪಿನ ಕಡೆ ನಡೆದ.